ಅಮೆರಿಕಾ ಬಂಡಿಯ ಏಳು ಕಂಡಿ

ಈ ಸಲ ನಿಮಗೊಂದು ಮನೆ ಲೆಕ್ಕ ಹೇಳಬೇಕು. ಒಂಬತ್ತು ಇರಬೇಕಾದ ಕಡೆ ಏಳೇ ಇದ್ದರೆ ನಷ್ಟ ಎಷ್ಟು? ಎರಡು ಅಂತೀರಾ? ನಮ್ಮ ತವರಲ್ಲಿ ಆ ಎರಡರ ಲೆಕ್ಕದಲ್ಲಿ ಒಂದು ಬೋರ್‌ವೆಲ್ಲೇ ಹೋಯ್ತು.

ನನ್ನ ತವರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಆಂಧ್ರದ ಗಡಿ ಹತ್ತಿರ, ರಾಯಲ್ಪಾಡಿನ ಕಡೆ. ಮನೆ ಹಿಂದೆ ಮಾವಿನ ತೋಪು, ತೋಪಿನ ಅಂಚಿಗೊಂದು ತಗಡಿನ ಷೆಡ್ಡು, ಷೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಮಲಗಿರೋ ಒಂದು ಜೀಪು. ಅದನ್ನ ನಮ್ಮೂರಲ್ಲಿ ಯಾರೂ ಜೀಪು ಅನ್ನಲ್ಲ. ‘ಅಮೆರಿಕಾ ಬಂಡಿ’ ಅಂತಾರೆ. ತೆಲುಗು ಮಾತಾಡೋರೂ ಹಾಗೇ, ಕನ್ನಡ ಮಾತಾಡೋರೂ ಹಾಗೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬರ್ಮಾ ಗಡಿಗೆ ತಂದಿದ್ದ ಬಂಡಿ, ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ ಬೆಂಗಳೂರಿಗೆ ಬಂತು, ಅಲ್ಲಿಂದ ನಮ್ಮ ತಾತ ಹೊಡ್ಕೊಂಡು ಬಂದರು ಅನ್ನೋದು ಕತೆ. ನಾನು ಈ ಕತೆ ಕೇಳಿಕೊಂಡೇ ಬೆಳೆದವಳು. ಮಾಲೂರಿಗೆ ಸೊಸೆಯಾಗಿ ಬಂದ ಮೇಲೆ ನನ್ನ ಮಕ್ಕಳಿಗೂ ಇದನ್ನೇ ಹೇಳಿ ಅನ್ನ ತಿನ್ನಿಸಿದ್ದೀನಿ.

ಎರಡು ತಿಂಗಳ ಹಿಂದೆ ತಮ್ಮ ಫೋನ್ ಮಾಡಿದ. "ಅಕ್ಕಾ, ಬಂಡಿ ಕೇಳ್ತಾವ್ರೆ." ಬೆಂಗಳೂರಿನವರೊಬ್ಬರು ತಿರುಪತಿ ರಸ್ತೆಯಲ್ಲಿ, ಮುಳಬಾಗಿಲು ದಾಟಿ, ರೆಸಾರ್ಟ್ ಮಾಡ್ತಿದ್ದಾರಂತೆ. ಅದರ ಬಾಗಿಲಲ್ಲಿ ಯುದ್ಧಕಾಲದ ಅಮೆರಿಕನ್ ಜೀಪೊಂದನ್ನ ನಿಲ್ಲಿಸಬೇಕಂತೆ. ಓಡದಿದ್ದರೂ ಪರವಾಗಿಲ್ಲ, ಎಂಜಿನ್ ಬದಲಾಗಿದ್ದರೂ ಪರವಾಗಿಲ್ಲ. ಪಕ್ಕದಲ್ಲೊಂದು ಬೋರ್ಡ್ ಹಾಕ್ತಾರಂತೆ, ಅದಕ್ಕೆ ಜೀಪಿನ ಇತಿಹಾಸ ಬೇಕು. ಅವರು ಹೇಳಿದ ಬೆಲೆ ಕೇಳಿ ನಾನೇ ಕೂತ್ಕೊಂಡೆ.

ಆ ದುಡ್ಡು ತಮ್ಮನಿಗೆ ಎಷ್ಟು ಮುಖ್ಯ ಅಂತ ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೋಪಿನ ಬೋರು ಬತ್ತಿ ಎರಡು ವರ್ಷ. ನಮ್ಮ ಕಡೆ ಈಗ ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರೋದುಂಟು. ಹೊಸದಾಗಿ ನೆಟ್ಟ ಬಾದಾಮಿ ಗಿಡಗಳಿಗೆ ಟ್ಯಾಂಕರ್ ನೀರು ಹಾಕಿಸ್ತಿದ್ದಾನೆ. ಬಂಡಿ ಮಾರಿದರೆ ಬೋರು ಬರುತ್ತೆ, ಇಷ್ಟೇ ಅವನ ಲೆಕ್ಕ. "ನೀನೇ ತಾನೇ ಬರೆಯೋಳು? ಒಂದು ಪುಟ ಬರೆದುಕೊಡು" ಅಂದ. ತಂಗಿಮಗ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೊ ತೆಗೆದು ಕಳಿಸಿದ. ನಾನು ಪುಸ್ತಕ, ಇಂಟರ್ನೆಟ್ಟು ಎಲ್ಲ ಹರಡಿಕೊಂಡು ಕೂತೆ.

ಎಂಥ ಕತೆ ಗೊತ್ತಾ ಜೀಪಿನದು! 1940ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಅಮೆರಿಕದ ಸೈನ್ಯಕ್ಕೆ ಕುದುರೆ ಹೋಗೋ ಕಡೆಯೆಲ್ಲ ಹೋಗೋ ಸಣ್ಣ ಗಾಡಿಯೊಂದು ಬೇಕಾಯ್ತು. 135 ಕಂಪನಿಗಳಿಗೆ ಕಾಗದ ಬರೆದರು. ಮಾದರಿ ಗಾಡಿ 49 ದಿನದಲ್ಲಿ ಕೈಗೆ ಬರಬೇಕು ಅನ್ನೋ ಷರತ್ತು. ಅಷ್ಟು ಕಂಪನಿಗಳಲ್ಲಿ ಉತ್ತರ ಕೊಟ್ಟವು ಎರಡೇ: ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನ ಬ್ಯಾಂಟಮ್, ಒಹಾಯೊದ ಟೊಲೆಡೊ ಊರಿನ ವಿಲ್ಲೀಸ್-ಓವರ್‌ಲ್ಯಾಂಡ್. ಬ್ಯಾಂಟಮ್ ಆಗಲೇ ಮುಳುಗೋ ಹಡಗು. ಅವರು ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರನ್ನ ಕರೆಸಿದರು. ಆತ ಎರಡೇ ದಿನದಲ್ಲಿ ನಕ್ಷೆ ಹಾಕಿದ. ಸೆಪ್ಟೆಂಬರ್ 23ಕ್ಕೆ, ಗಡುವು ಮುಗಿಯೋಕೆ ಸ್ವಲ್ಪ ಹೊತ್ತಿದೆ ಅನ್ನುವಾಗ, ಮೇರಿಲ್ಯಾಂಡಿನ ಸೇನಾ ಶಿಬಿರದ ಬಾಗಿಲಿಗೆ ಗಾಡಿ ಬಂದು ನಿಂತಿತು.

ಗಾಡಿ ಸೈನ್ಯಕ್ಕೆ ಹಿಡಿಸಿತು. ಆದರೆ ಸಾವಿರಗಟ್ಟಲೆ ಮಾಡಿಕೊಡೋ ಶಕ್ತಿ ಬ್ಯಾಂಟಮ್‌ಗೆ ಇಲ್ಲ ಅಂತ ಆ ನಕ್ಷೆಯನ್ನ ವಿಲ್ಲೀಸ್‌ಗೂ ಫೋರ್ಡ್‌ಗೂ ತೋರಿಸಿದರು. ವಿಲ್ಲೀಸ್‌ನವರ ಎಂಜಿನ್ ಗಟ್ಟಿ, 60 ಅಶ್ವಶಕ್ತಿಯದು. ದೊಡ್ಡ ಗುತ್ತಿಗೆ ಅವರಿಗೆ ಹೋಯ್ತು, ಆಮೇಲೆ ಫೋರ್ಡ್‌ಗೂ ಸಿಕ್ಕಿತು. ಇಬ್ಬರೂ ಸೇರಿ ಯುದ್ಧ ಮುಗಿಯೋದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದರು. ಮೊದಲು ಮಾಡಿದ ಬ್ಯಾಂಟಮ್‌ಗೆ ಕೊನೆಗೆ ಉಳಿದಿದ್ದು ಜೀಪಿನ ಹಿಂದೆ ಕಟ್ಟೋ ಟ್ರೇಲರ್ ಮಾಡೋ ಕೆಲಸ. ಹೆತ್ತವಳು ಒಬ್ಬಳು, ಹೆಸರು ತಗೊಂಡವರು ಇನ್ನೊಬ್ಬರು.

ಹೆಸರಿನದೂ ಒಂದು ಜಗಳ. ಜಿ.ಪಿ. ಅನ್ನೋ ಎರಡಕ್ಷರ ಬಾಯಲ್ಲಿ ಸವೆದು ಜೀಪ್ ಆಯ್ತು ಅಂತ ಕೆಲವರು. ಪಾಪಾಯ್ ಕಾಮಿಕ್ಸಿನಲ್ಲಿ 1936ರಲ್ಲಿ ಬಂದ ‘ಜೀಪ್’ ಅನ್ನೋ ಮಾಯಾ ಪ್ರಾಣಿಯಿಂದ ಬಂತು ಅಂತ ಇನ್ನು ಕೆಲವರು. ಎಲ್ಲಿ ಬೇಕಾದರೂ ನುಗ್ಗಿ ಬರೋ ಪ್ರಾಣಿ ಅದು. ನಮ್ಮ ಬಂಡಿ ಮಳೆಗಾಲದ ಹಳ್ಳ ದಾಟಿದ್ದನ್ನ ನೋಡಿದವಳು ನಾನು. ನನ್ನ ಓಟು ಪ್ರಾಣಿಗೇ.

ಇಲ್ಲಿವರೆಗೂ ಖುಷಿಯಾಗಿ ಬರೆದೆ. ಬರ್ಮಾ ಗಡಿಯ ವಿಷಯವೂ ಸಲೀಸಾಗಿ ಬಂತು. ಅಸ್ಸಾಮಿನಿಂದ ಬರ್ಮಾ ಕಡೆಗೆ ಲೆಡೊ ರಸ್ತೆ ಹಾಕಿದವರು ಅಮೆರಿಕದವರು, ಅಲ್ಲಿ ಜೀಪುಗಳು ಓಡಾಡಿದ್ದು ನಿಜ. ಬೆಂಗಳೂರಿನಲ್ಲಿ ಅಮೆರಿಕದ ಸೈನಿಕರು ಇದ್ದಿದ್ದೂ ನಿಜ. 1943ರಿಂದ ಎಚ್.ಎ.ಎಲ್. ಕಾರ್ಖಾನೆ ಅವರ ವಾಯುಪಡೆಯ ಕೈಯಲ್ಲಿ ವಿಮಾನ ರಿಪೇರಿಯ ಜಾಗವಾಗಿತ್ತು. ತಾತನ ಕತೆಗೆ ಕಂಬ, ತೊಲೆ ಎಲ್ಲ ಸರಿಯಾಗೇ ಕೂತವು.

ಆಮೇಲೆ ನಾನು ಫೋಟೊ ಪಕ್ಕದಲ್ಲಿಟ್ಟುಕೊಂಡು ನೋಡೋ ತಪ್ಪು ಮಾಡಿದೆ.

ಯುದ್ಧಕಾಲದ ಜೀಪಿನ ಮುಂದೆ, ರೇಡಿಯೇಟರ್ ಮುಂದಿನ ತಗಡಲ್ಲಿ, ಉದ್ದುದ್ದ ಒಂಬತ್ತು ಕಂಡಿಗಳಿರುತ್ತವೆ. ಮೊದಮೊದಲು ಕಂಬಿ ಬೆಸೆದು ಮಾಡ್ತಿದ್ದರು. ಅಗ್ಗವಾಗಲಿ ಅಂತ ಒಂದೇ ತಗಡನ್ನ ಅಚ್ಚೊತ್ತಿ ಕಂಡಿ ಮಾಡಿದವರು ಫೋರ್ಡ್‌ನವರು. ಯುದ್ಧ ಮುಗಿದ ಮೇಲೆ, 1945ರಲ್ಲಿ, ವಿಲ್ಲೀಸ್‌ನವರು ಅದೇ ಗಾಡಿಯನ್ನ ರೈತರಿಗೆ ಮಾರೋಕೆ ಹೊರಟರು. ಸಿವಿಲಿಯನ್ ಜೀಪ್, ಅಂದರೆ ಸಿ.ಜೆ. ಹೆಡ್‌ಲೈಟ್ ದೊಡ್ಡದಾದವು, ಕಂಡಿ ಏಳಕ್ಕೆ ಇಳಿದವು. ಸಾಮಾನು ತುಂಬೋಕೆ ಹಿಂದೆ ತೆರೆಯೋ ಬಾಗಿಲು ಬಂತು. ಯುದ್ಧದ ಜೀಪಿಗೆ ಆ ಬಾಗಿಲಿಲ್ಲ. ಅದರಲ್ಲಿ ಪೆಟ್ರೋಲ್ ಹಾಕಬೇಕಾದರೆ ಡ್ರೈವರ್ ಎದ್ದು ಸೀಟು ಎತ್ತಬೇಕು. ಸಿ.ಜೆ.ಯಲ್ಲಿ ಮುಚ್ಚಳ ಹೊರಗೆ ಬಂತು.

ನಾನು ಫೋಟೊದಲ್ಲಿ ಕಂಡಿ ಎಣಿಸಿದೆ. ಏಳು. ಕನ್ನಡಕ ಒರೆಸಿಕೊಂಡು ಎಣಿಸಿದೆ. ಏಳು. ಹಿಂದಿನ ಬಾಗಿಲು ಇದೆ. ಚಿಕ್ಕವಳಿದ್ದಾಗ ಅದರ ಮೇಲೆ ಕಾಲು ಇಳಿಬಿಟ್ಟು ಕೂತು ಮುಳಬಾಗಿಲಿನ ಆಂಜನೇಯನ ಗುಡಿಗೆ ಹೋಗಿದ್ದು ನಾನೇ ಅಲ್ವಾ? ಟ್ಯಾಂಕಿನ ಮುಚ್ಚಳ ಹೊರಗಡೆ. ಇದೆಲ್ಲಕ್ಕಿಂತ ಮಿಗಿಲಾಗಿ ಬಾನೆಟ್ಟು, ಸಣ್ಣ ಹುಡುಗನ ತಲೆಗೆ ದೊಡ್ಡವರ ಪೇಟ ಕಟ್ಟಿದ ಹಾಗೆ, ಎತ್ತರಕ್ಕೆ ನಿಂತಿದೆ.

ಆ ಎತ್ತರಕ್ಕೂ ಕಾರಣ ಇದೆ. ವಿಲ್ಲೀಸ್‌ನವರು 1953ರಲ್ಲಿ ಹೊಸ ಎಂಜಿನ್ ಕೂರಿಸಿದರು. ಗಾಳಿ, ಪೆಟ್ರೋಲು ಒಳಗೆ ಬಿಡೋ ವಾಲ್ವುಗಳನ್ನ ಪಕ್ಕದಿಂದ ತಲೆ ಮೇಲಕ್ಕೆ ತಂದಿದ್ದರಿಂದ ಶಕ್ತಿ ಹೆಚ್ಚಿತು, ಆದರೆ ಎಂಜಿನ್ನೂ ಎತ್ತರವಾಯ್ತು. ಬಾಡಿ ಬದಲಾಯಿಸೋ ಬದಲು ಬಾನೆಟ್ಟನ್ನೇ ಮೇಲಕ್ಕೆತ್ತಿದರು. ಅದೇ ಸಿ.ಜೆ. 3ಬಿ. ಅಮೆರಿಕದಲ್ಲಿ ಅದು 1968ಕ್ಕೆ ನಿಂತುಹೋಯ್ತು. ನಮ್ಮ ದೇಶದಲ್ಲಿ ಆಮೇಲೂ ಎಷ್ಟೋ ವರ್ಷ ತಯಾರಾಗ್ತಾನೇ ಇತ್ತು.

ಮಾಡ್ತಿದ್ದವರು ಬೊಂಬಾಯಿಯ ಮಹೀಂದ್ರಾದವರು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದಾಗ ಆ ಕಂಪನಿಯ ಹೆಸರು ‘ಮಹೀಂದ್ರಾ ಅಂಡ್ ಮೊಹಮ್ಮದ್’. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ 1948ರಲ್ಲಿ ಬೋರ್ಡ್ ಬದಲಾಗಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯ್ತು. ಮೊದಲು ವಿಲ್ಲೀಸ್‌ನಿಂದ ಬಿಡಿಭಾಗ ತರಿಸಿ ಜೋಡಿಸ್ತಿದ್ದರು, ಆಮೇಲೆ ಒಂದೊಂದೇ ಭಾಗ ಇಲ್ಲೇ ಮಾಡಲು ಕಲಿತರು. ನಮ್ಮ ಮನೆಯವರು ಅಮೆರಿಕದ್ದೇ ಅನ್ನೋಕೆ ದೊಡ್ಡ ಸಾಕ್ಷಿ ಅಂತ ತೋರಿಸ್ತಿದ್ದ ಎಡಗಡೆ ಸ್ಟೇರಿಂಗ್ ಇದೆಯಲ್ಲ, ಅದೂ ಸಾಕ್ಷಿ ಅಲ್ಲ. ಆ ಕಾಲದಲ್ಲಿ ಬೊಂಬಾಯಿಂದ ಬಂದ ಜೀಪುಗಳಲ್ಲೂ ಸ್ಟೇರಿಂಗ್ ಎಡಗಡೆಗೇ ಇರ್ತಿತ್ತು.

ಬರ್ಮಾ ಹೋಯ್ತು, ಯುದ್ಧ ಹೋಯ್ತು. ಬಾನೆಟ್ ಮೇಲಿನ ಬಿಳಿ ನಕ್ಷತ್ರ ಒಂದು ಉಳೀತು.

ನಾನು ಬರೆದ ಪುಟವನ್ನ ಅಲ್ಲಿಗೇ ನಿಲ್ಲಿಸಿ ಎರಡು ದಿನ ಸುಮ್ಮನಿದ್ದೆ. ತಮ್ಮನಿಗೆ ಹೇಳೋದು ಕಷ್ಟ ಅಲ್ಲ. ಅಪ್ಪನಿಗೆ ಹೇಳೋದು ಹೇಗೆ? ಎಪ್ಪತ್ತೇಳು ವರ್ಷ ಅವರಿಗೆ. ಆ ಬಂಡಿ ಓಡಿಸಿಯೇ ನಮ್ಮನ್ನ ಓದಿಸಿದವರು. ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ, ಸೀಸನ್ನಿನಲ್ಲಿ ಮಾಲೂರಿನ ಹೆಂಚು ತರೋಕೆ ಅಂತ ಈ ಕಡೆಗೂ. ರೈಲೇ ಕಾಣದ ಮುಳಬಾಗಿಲಿಗೆ ಬಸ್ಸು ತಪ್ಪಿದರೆ ಅಪ್ಪನ ಬಂಡಿಯೇ ಗತಿ. ಎಂಟು ಜನ ಕೂರೋ ಕಡೆ ಹದಿನೆಂಟು ಜನ. ಎಡಗಡೆ ಸ್ಟೇರಿಂಗ್ ಆದ್ದರಿಂದ ಎದುರು ಬರೋ ಲಾರಿ ಕಾಣ್ತಿರಲಿಲ್ಲ. ಬಲಗಡೆ ಕೂತೋರು "ಹೋಗ್ಲಿ, ಹೋಗ್ಲಿ" ಅಂದಮೇಲೇ ಅಪ್ಪ ಮುಂದಿನ ಗಾಡಿ ದಾಟಿಸೋರು. ಪೆಟ್ರೋಲ್ ದುಬಾರಿಯಾದಾಗ ಕೋಲಾರದ ಗ್ಯಾರೇಜಿನಲ್ಲಿ ಟ್ರಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿದರು. ನನ್ನ ತಮ್ಮ ಹುಟ್ಟಿದ್ದೂ ಅದರಲ್ಲೇ. ಅಮ್ಮನ್ನ ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾಗ, ಅರ್ಧ ದಾರಿಯಲ್ಲಿ, ಹೊಂಗೆಮರದ ಕೆಳಗೆ ನಿಲ್ಲಿಸಿದ ಬಂಡಿಯಲ್ಲೇ.

ಭಾನುವಾರ ಊರಿಗೆ ಹೋದೆ. ಊಟ ಆದಮೇಲೆ ಷೆಡ್ಡಿನ ಹತ್ತಿರ ಅಪ್ಪನ ಪಕ್ಕ ಕೂತು ಮೆಲ್ಲಗೆ ಹೇಳಿದೆ. "ಅಪ್ಪಾ, ಕಂಡಿ ಏಳೇ ಇದೆ."

ಅಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು. "ಗೊತ್ತು ಕಣಮ್ಮ. 64ರ ಬಂಡಿ ಅದು" ಅಂದರು.

ಒಳಗೆ ಹೋಗಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಗೆದ್ದಲು ತಿಂದುಹೋಯ್ತು ಅಂತ ನಮಗೆಲ್ಲ ಹೇಳಿದ್ದ ಆರ್.ಸಿ. ಬುಕ್ಕು. ತಯಾರಾದ ವರ್ಷ 1964. ಮೊದಲ ಮಾಲೀಕರ ಜಾಗದಲ್ಲಿ ಒಂದು ಸರ್ಕಾರಿ ಕಚೇರಿ. 1977ರ ಹರಾಜಿನಲ್ಲಿ ತಾತನ ಹೆಸರಿಗೆ ಬಂದಿದೆ.

"ಮತ್ತೆ ಅಮೆರಿಕಾ?" ಅಂತ ತಮ್ಮ.

ಅಪ್ಪ ಹೇಳಿದ್ದಿಷ್ಟು. ತುರ್ತುಪರಿಸ್ಥಿತಿಯ ಕಾಲ. ಕುಟುಂಬ ಯೋಜನೆ ಆಪರೇಷನ್‌ಗೆ ಜನರನ್ನ ಹಿಡಿದು ತರಬೇಕು ಅಂತ ಮೇಲಿನಿಂದ ಕೋಟಾ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ನಡೆದವು. ಉತ್ತರದ ರಾಜ್ಯಗಳಷ್ಟು ಬಲವಂತ ನಮ್ಮ ಕಡೆ ನಡೀಲಿಲ್ಲ ಅಂತಾರೆ, ಆದರೆ ಹೆದರಿಕೆಗೆ ಗಡಿ ಎಲ್ಲಿ? ಮಣ್ಣುರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಗಂಡಸರು ಮಾವಿನ ತೋಪಿಗೆ ಓಡೋರು. ಜೀಪು ಅಂದರೆ ಸರ್ಕಾರ, ಸರ್ಕಾರ ಅಂದರೆ ಆಪರೇಷನ್. ಆ ಸದ್ದು ಮಾಡಿಕೊಂಡು ಊರೂರು ತಿರುಗಿದ ಬಂಡಿಗಳಲ್ಲಿ ಇದೂ ಒಂದು.

ತಾತ ಅಗ್ಗಕ್ಕೆ ಸಿಕ್ತು ಅಂತ ಹರಾಜಿನಲ್ಲಿ ಕೊಂಡುಬಿಟ್ಟರು. ಬಾಡಿಗೆಗೆ ಬಿಟ್ಟರೆ ಒಂದು ನರಪಿಳ್ಳೆ ಹತ್ತಲಿಲ್ಲ. ಬಸ್ಸಿಗೆ ಕಾದು ನಿಂತಿದ್ದ ಹೆಂಗಸರು ಕೂಡ "ಆ ಬಂಡಿ ಬೇಡ" ಅಂತ ಮುಖ ತಿರುಗಿಸೋರಂತೆ. ಸಾಲ ಮಾಡಿ ತಂದಿದ್ದ ಬಂಡಿ. ತಿಂಗಳಾದ ಮೇಲೆ ತಾತ ಅದನ್ನ ಶ್ರೀನಿವಾಸಪುರಕ್ಕೆ ಒಯ್ದು ಬೋರ್ಡ್ ಬರೆಯೋ ಪೇಂಟರಿಂದ ಹಸಿರು ಬಣ್ಣ ಹೊಡೆಸಿ, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆಸಿಕೊಂಡು ಬಂದರು. "ಹಳೇದು ಕೊಟ್ಟೆ. ಇದು ಅಮೆರಿಕಾದು, ಮಿಲಿಟ್ರಿ ಬಂಡಿ" ಅಂದರು. ಅವತ್ತೇ ನಾಲ್ಕು ಜನ ಹತ್ತಿದರಂತೆ.

"ಮಕ್ಕಳು ಬೇಡ ಅಂತ ಓಡಾಡಿದ ಬಂಡಿಯಲ್ಲೇ ನೀನು ಹುಟ್ಟಿದೆ ಕಣೋ" ಅಂತ ಅಪ್ಪ ತಮ್ಮನ ಕಡೆ ನೋಡಿ ನಕ್ಕರು. ತಮ್ಮ ನಗಲಿಲ್ಲ. ಅವನ ತಲೆಯಲ್ಲಿ ಬೋರ್‌ವೆಲ್ ಇತ್ತು.

ಆ ವಾರವೇ ರೆಸಾರ್ಟಿನವರು ಬಂದರು. ನಾನು ಇದ್ದದ್ದನ್ನ ಇದ್ದ ಹಾಗೇ ಹೇಳಿದೆ. ಒಂಬತ್ತು ಕಂಡಿ, ಏಳು ಕಂಡಿ, ಬಾನೆಟ್ಟು, ಆರ್.ಸಿ. ಬುಕ್ಕು, ಎಲ್ಲ. ಆ ಮನುಷ್ಯ ಒಳ್ಳೆಯವರೇ. ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ, "ಅದಕ್ಕೇನಂತೆ ಮೇಡಂ? ನನ್ನ ಬೆಲೆ ಅದೇ. ನೀವು ಮೊದಲು ಬರೆದಿದ್ದ ಬರ್ಮಾ ಪುಟ ಕೊಡಿ ಸಾಕು. ಕಾಫಿ ಕುಡಿಯೋಕೆ ಬರೋರು ಯಾರು ಕಂಡಿ ಎಣಿಸ್ತಾರೆ?" ಅಂದರು.

ನಿಜ ಹೇಳ್ತೀನಿ, ನನಗೂ ಮನಸ್ಸು ಅಲ್ಲಾಡಿತು. ತಮ್ಮ ನನ್ನನ್ನ ಪಕ್ಕಕ್ಕೆ ಕರೆದು, "ಸುಳ್ಳು ಅವರದ್ದು ಅಕ್ಕಾ, ನಮಗೇನು?" ಅಂದ. ಒಂದು ಹಾಳೆ ಕಾಗದ. ಅದರ ಆ ಕಡೆ ನೀರು. ಯಾರಿಗೂ ಕೇಡಿಲ್ಲ. ಈ ಕತೆಯನ್ನ ನಾವೇ ನಲವತ್ತು ವರ್ಷ ಹೇಳಿಕೊಂಡು ಬಂದಿಲ್ವಾ?

ಅಪ್ಪ ಕಟ್ಟೆ ಮೇಲೆ ಕೂತಿದ್ದವರು ಅಲ್ಲಿಂದಲೇ ಹೇಳಿದರು. "ಬೇಡ ಸ್ವಾಮಿ. ನಮ್ಮಪ್ಪ ಆ ಸುಳ್ಳು ಹೇಳಿದ್ದು ಜನ ಹೆದರಿಕೆ ಬಿಟ್ಟು ಹತ್ತಲಿ ಅಂತ. ಹತ್ತಿದರು, ಆಸ್ಪತ್ರೆ ಮುಟ್ಟಿದರು, ಮಗಳ ಮದುವೆಗೆ ಹೋದರು. ಕೊಟ್ಟ ದುಡ್ಡಿಗೆ ಊರು ಮುಟ್ಟಿಸಿದ್ದೀವಿ. ಅಲ್ಲಿಗೆ ಆ ಸುಳ್ಳಿನ ಲೆಕ್ಕ ಚುಕ್ತಾ ಆಯ್ತು. ಅದನ್ನೇ ಈಗ ಬೋರ್ಡಲ್ಲಿ ಬರೆದು ಮಾರಿದರೆ ಅದು ಬೇರೆ ಲೆಕ್ಕ. ಬೇಕಾದರೆ ನಿಜ ಬರೆದು ನಿಲ್ಲಿಸಿ, ಅರ್ಧ ಬೆಲೆಗೆ ಕೊಡ್ತೀನಿ."

ಅವರು ನಕ್ಕು ಕೈಮುಗಿದರು. "ಯಜಮಾನ್ರೇ, ಹೋಟೆಲ್ ಬಾಗಿಲಲ್ಲಿ ಕುಟುಂಬ ಯೋಜನೆ ಕತೆ ಹೇಗೆ ಹಾಕಲಿ?" ಅಂದರು. ಮಾವಿನಕಾಯಿ ಉಪ್ಪಿನಕಾಯಿ ಒಂದು ಬಾಟಲಿ ತಗೊಂಡು ಹೊರಟುಹೋದರು.

ತಮ್ಮ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅವನ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಗಿಡ ಒಣಗ್ತಿರೋದು ಅವನ ಕಣ್ಣೆದುರಿಗೆ, ನಾನಿರೋದು ಮಾಲೂರಿನಲ್ಲಿ. ಬೇರೆ ದಾರಿಯೂ ಹುಡುಕಿದೆವು. 50 ವರ್ಷ ದಾಟಿದ ಗಾಡಿಗಳನ್ನ ‘ವಿಂಟೇಜ್’ ಅಂತ ನೋಂದಾಯಿಸೋಕೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. ಹಾಗೆ ನೋಂದಾಯಿಸಿದರೆ ಒಳ್ಳೆ ಬೆಲೆ ಬಂದೀತು ಅಂದುಕೊಂಡ್ವಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕಂತೆ. ಟ್ರಾಕ್ಟರ್ ಎಂಜಿನ್ನಿನ ಜೀಪನ್ನ ಮೂಲ ರೂಪ ಅಂತ ಯಾರು ಒಪ್ತಾರೆ? ನಮ್ಮ ಬಂಡಿ ಯುದ್ಧದ್ದೂ ಅಲ್ಲ, ವಿಂಟೇಜೂ ಅಲ್ಲ.

ಸದ್ಯಕ್ಕೆ ನಾವು ಅಕ್ಕತಂಗಿಯರಿಬ್ಬರೂ ಸ್ವಲ್ಪ ಸ್ವಲ್ಪ ಹಾಕಿ ಟ್ಯಾಂಕರ್ ನೀರಿನ ಬಾಕಿ ತೀರಿಸಿದ್ದೀವಿ. ಬೋರು ಈ ಸಲದ ಕಾಯಿ ಮಾರಿದ ಮೇಲೆ ನೋಡೋಣ ಅಂತಾಗಿದೆ. ಬಂಡಿ ಷೆಡ್ಡಿನಲ್ಲೇ ಇದೆ. ಹೋದ ವಾರ ತಮ್ಮ ಒಂದು ಫೋಟೊ ಕಳಿಸಿದ್ದ. ಟಾರ್ಪಾಲ್ ತೆಗೆದು, ಬಂಡಿ ತೊಳೆದು ನಿಲ್ಲಿಸಿದ್ದಾನೆ. ಕೆಳಗೆ ಒಂದೇ ಸಾಲು: "ಅಕ್ಕಾ, ಮತ್ತೆ ಎಣಿಸಿದೆ. ಏಳೇ."

ನಿಮ್ಮ ಹಿತ್ತಲಲ್ಲೂ ಹಳೇ ಜೀಪು ಇದ್ದರೆ ಒಂದು ಸಲ ಎಣಿಸಿ ನೋಡಿ. ಒಂಬತ್ತಿದ್ದರೆ ನಿಮ್ಮ ಅದೃಷ್ಟ. ಏಳಿದ್ದರೆ, ಆ ಬಂಡಿ ಮೊದಲು ಯಾರದಾಗಿತ್ತು, ಅದರಲ್ಲಿ ಯಾರು ಹತ್ತಿದ್ದರು, ಯಾರು ಹತ್ತದೇ ಓಡಿದ್ದರು ಅಂತ ಮನೆಯ ಹಿರಿಯರನ್ನ ಕೇಳಿ. ಅವರು ಇರುವಾಗಲೇ ಕೇಳಿ. ಕೇಳಿದ್ದನ್ನ ನಮಗೂ ಬರೀರಿ.